ಬೇವಿನ ತಪ್ಪಲು ಎಲ್ಲಕ್ಕೂ ಮದ್ದಲ್ಲ, ಗುಳಿಗೆಯಂತೂ ಮಲಗುವ ಕೋಣೆಗೆ ಬೇಡವೇ ಬೇಡ

ಹೆಸರು, ಉದ್ದು ರಾಶಿಯಾಗಿ ಮನೆ ಸೇರುವ ಹೊತ್ತಿಗೆ ನಮ್ಮ ಕೊಹಿನೂರ ಹೋಬಳಿಯಲ್ಲಿ ಎರಡು ಥರದ ಸಲಹೆ ಓಡಾಡಲು ಶುರುವಾಗುತ್ತದೆ. ಒಂದು ವಾಟ್ಸಾಪ್‌ನಲ್ಲಿ ಬರುವುದು. ಲವಂಗ ಇಟ್ಟರೆ ಜಿರಲೆ ಮಾಯ, ಬೇವಿನ ಎಲೆ ಇಟ್ಟರೆ ಕಾಳಿನ ಹುಳ ಮಾಯ, ಕರ್ಪೂರ ಹಚ್ಚಿದರೆ ಸೊಳ್ಳೆ ಮಾಯ ಎಂದು. ಇನ್ನೊಂದು ಬಾಯಿಮಾತಿನದು: "ಅಂಗಡ್ಯಾಗ ಗುಳಿಗಿ ಸಿಗ್ತಾವ, ಚೀಲದಾಗ ಎರಡು ಹಾಕ್ರಿ, ವರ್ಷತನಾ ಚಿಂತಿಲ್ಲ."

ಮೊದಲನೆಯದು ಅರ್ಧ ನಿಜ. ಎರಡನೆಯದರಿಂದ ಜೀವ ಹೋಗುತ್ತದೆ. ಅರ್ಧ ನಿಜದ ಮನೆಮದ್ದನ್ನು ನಂಬಿ ಕಾಳು ಹಾಳಾದವರು ಮರುವರ್ಷ ಆ ಗುಳಿಗೆಯ ಕಡೆಗೇ ಹೋಗುತ್ತಾರೆ. ಹೀಗಾಗಿ ಮನೆಮದ್ದಿನ ವಿಷಯದಲ್ಲಿ ಸುಳ್ಳು ಹೇಳುವುದೂ ಸಣ್ಣ ತಪ್ಪಲ್ಲ ಎಂಬುದು ನನ್ನ ಅಭಿಪ್ರಾಯ. ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ಬಿಡಿಸಿ ಹೇಳಬೇಕು.

ಮೊದಲು ಗುಳಿಗೆಯ ಮಾತು ಮುಗಿಸೋಣ. ಅದರ ಹೆಸರು ಅಲ್ಯೂಮಿನಿಯಂ ಫಾಸ್ಫೈಡ್. 3 ಗ್ರಾಂ ತೂಕದ ಒಂದು ಗುಳಿಗೆ ಗಾಳಿಯ ತೇವ ತಾಗಿದ ಕೂಡಲೇ ಫಾಸ್ಫೀನ್ ಎಂಬ ವಿಷಾನಿಲ ಬಿಡತೊಡಗುತ್ತದೆ. ಒಂದು ಗುಳಿಗೆಯಿಂದ ಸುಮಾರು 1 ಗ್ರಾಂ ಅನಿಲ. ಇದು ಗಾಳಿಗಿಂತ ಸ್ವಲ್ಪ ಭಾರ. ಚೀಲದಿಂದ ಇಳಿದು, ಬಾಗಿಲ ಸಂದಿಯಿಂದ ಪಕ್ಕದ ಕೋಣೆಗೂ ಹೋಗುತ್ತದೆ. ಕಾಳಿನೊಳಗಿನ ಹುಳ ಸಾಯುವುದು ಇದೇ ಅನಿಲದಿಂದ. ಪಕ್ಕದಲ್ಲಿ ಚಾಪೆ ಹಾಸಿ ಮಲಗಿದ ಮಗು ಸಾಯುವುದೂ ಇದರಿಂದಲೇ. ಇದಕ್ಕೆ ಪ್ರತಿಮದ್ದು ಇಲ್ಲ. ಆಸ್ಪತ್ರೆಯವರು ಉಸಿರು, ರಕ್ತದೊತ್ತಡ ಕಾಯುತ್ತ ಕೂರಬಹುದು, ಅಷ್ಟೆ.

ಕಾನೂನಿನ ಪ್ರಕಾರ ಇದನ್ನು ಕಂಡಕಂಡವರಿಗೆ ಮಾರುವಂತಿಲ್ಲ. ಸರ್ಕಾರಿ ಗೋದಾಮು, ಸರ್ಕಾರಿ ಸಂಸ್ಥೆಗಳು, ಪರವಾನಗಿ ಇರುವ ಕೀಟ ನಿಯಂತ್ರಣದವರು ತಜ್ಞರ ಉಸ್ತುವಾರಿಯಲ್ಲಿ ಬಳಸಬೇಕು. ಹತ್ತು, ಇಪ್ಪತ್ತು ಗುಳಿಗೆ ತುಂಬಿದ ಕೊಳವೆ ಡಬ್ಬಿಗಳನ್ನು ದೇಶದಲ್ಲಿ ಪೂರ್ತಿ ನಿಷೇಧಿಸಿದ್ದಾರೆ. ಆದರೂ ಹಳ್ಳಿ ಮನೆಗಳಲ್ಲಿ ಅದು ಹೇಗೆ ಬರುತ್ತದೆ ಎಂದು ನೀವೇ ಹೇಳಬೇಕು. ಹಾಳೆಯಲ್ಲಿ ಸುತ್ತಿ ಕೊಡುತ್ತಾರೆ, ಮೇಲೆ ಹೆಸರಿಲ್ಲ, ಎಚ್ಚರಿಕೆ ಇಲ್ಲ.

ಗೋದಾಮಿನಲ್ಲಿ ಮಾಡುವಾಗ ಚೀಲಗಳ ಮೇಲೆ ದಪ್ಪ ಹೊದಿಕೆ ಹಾಕಿ ಅಂಚು ಮುಚ್ಚುತ್ತಾರೆ, ಆ ದಿನಗಳಲ್ಲಿ ಒಳಗೆ ಯಾರೂ ಇರುವುದಿಲ್ಲ, ಆಮೇಲೆ ಗಾಳಿಯಾಡಲು ಬಿಡುತ್ತಾರೆ. ನಮ್ಮ ಮನೆಗಳಲ್ಲಿ? ಪಡಸಾಲೆಯೇ ಗೋದಾಮು, ಅದೇ ಮಲಗುವ ಜಾಗ. ಮಳೆಗಾಲದಲ್ಲಿ ಕಿಟಕಿ ಮುಚ್ಚಿರುತ್ತದೆ. ಹೀಗೆ ಚೀಲದಲ್ಲಿ ಗುಳಿಗೆ ಇಟ್ಟು ಮಲಗಿದ ಕುಟುಂಬದಲ್ಲಿ ಸಾವಾದ ಸುದ್ದಿ ದೇಶದ ಬೇರೆ ಬೇರೆ ಕಡೆಯಿಂದ ಮತ್ತೆ ಮತ್ತೆ ಬಂದಿದೆ. ಬಹಳ ಸಲ ಮೊದಲು ಬರುವ ಸುದ್ದಿ "ಆಹಾರದಲ್ಲಿ ವಿಷ" ಎಂದು. ಯಾಕೆಂದರೆ ಲಕ್ಷಣಗಳು ಹಾಗೇ ಇರುತ್ತವೆ: ವಾಂತಿ, ಹೊಟ್ಟೆನೋವು, ತಲೆಸುತ್ತು, ಉಸಿರು ಕಟ್ಟುವುದು. ರಾತ್ರಿ ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ಹೀಗಾದರೆ, ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನಂಥ ವಾಸನೆ ಬಂದರೆ, ಮೊದಲು ಎಲ್ಲರೂ ಹೊರಗೆ ಬನ್ನಿ. ಬಾಗಿಲು ತೆರೆದು ಬಿಡಿ. ಗುಳಿಗೆ ಹುಡುಕುತ್ತ ಒಳಗೆ ನಿಲ್ಲಬೇಡಿ, ಅದರ ಮೇಲೆ ನೀರು ಸುರಿಯಬೇಡಿ. ನೀರು ತಾಗಿದರೆ ಅನಿಲ ಇನ್ನೂ ಜೋರಾಗಿ ಬರುತ್ತದೆ. ಆಸ್ಪತ್ರೆಯಲ್ಲಿ "ಕಾಳಿಗೆ ಗುಳಿಗೆ ಇಟ್ಟಿದ್ದೆವು" ಎಂದು ಮೊದಲ ಮಾತಿನಲ್ಲೇ ಹೇಳಿ. ನಾಚಿಕೆ ಬೇಡ.

ಇಷ್ಟು ಹೇಳಿದ ಮೇಲೆ ನೀವು ಕೇಳುವ ಪ್ರಶ್ನೆ ನ್ಯಾಯವಾದದ್ದೇ. ಗುಳಿಗೆ ಬೇಡ ಅಂದರೆ ಕಾಳು ಹೇಗೆ ಉಳಿಸಬೇಕು?

ಶತ್ರು ಯಾರು ಎಂದು ಮೊದಲು ತಿಳಿಯಬೇಕು. ಹೆಸರು, ಉದ್ದು, ತೊಗರಿ, ಕಡಲೆಯಲ್ಲಿ ದುಂಡಗೆ ತೂತು ಕೊರೆದು ಹೊರಬರುವ ಸಣ್ಣ ಕಂದು ದುಂಬಿ ಅದು. ನಾವು ಸುಮ್ಮನೆ ಹುಳ ಅನ್ನುತ್ತೇವೆ. ಅದು ನಮ್ಮ ಮನೆಯಲ್ಲಿ ಹುಟ್ಟುವುದಕ್ಕಿಂತ ಹೆಚ್ಚಾಗಿ ಹೊಲದಿಂದಲೇ ಬರುತ್ತದೆ. ಕಾಯಿ ಒಣಗುವ ಹೊತ್ತಿಗೆ ಹೊಲದಲ್ಲೇ ಮೊಟ್ಟೆ ಇಟ್ಟಿರುತ್ತದೆ. ಮೊಟ್ಟೆ ಒಡೆದ ಮರಿ ನೇರ ಕಾಳಿನೊಳಗೆ ಕೊರೆದು ಸೇರುತ್ತದೆ, ಒಳಗೇ ತಿಂದು ಬೆಳೆಯುತ್ತದೆ. ಹೆಚ್ಚು ಕಡಿಮೆ ಒಂದು ತಿಂಗಳಲ್ಲಿ ದುಂಬಿಯಾಗಿ ಹೊರಬಂದು ಮತ್ತೆ ಹತ್ತಾರು ಮೊಟ್ಟೆ ಇಡುತ್ತದೆ. ಹೊರಗೆ ಬಂದ ದುಂಬಿ ಕಾಳು ತಿನ್ನುವುದೇ ಇಲ್ಲ, ಕೆಲವೇ ದಿನ ಬದುಕಿ ಸಾಯುತ್ತದೆ. ಹಾನಿ ಮಾಡುವುದು ಒಳಗಿನ ಮರಿ.

ಈ ಲೆಕ್ಕ ಗೊತ್ತಾದರೆ, ಚೀಲದ ಬಾಯಿಗೆ ಒಂದು ಹಿಡಿ ಬೇವಿನ ತಪ್ಪಲು ಇಟ್ಟು ಕೈತೊಳೆದುಕೊಳ್ಳುವುದು ಯಾಕೆ ಸಾಲದು ಎಂದು ತಿಳಿಯುತ್ತದೆ. ಬೇವಿನ ಎಲೆ ಹೊರಗಿನಿಂದ ಬರುವ ಹುಳವನ್ನು ಸ್ವಲ್ಪ ದೂರ ಇಡಬಹುದು. ಆಗಲೇ ಕಾಳಿನೊಳಗೆ ಕೂತಿರುವ ಮರಿಗೆ ಅದು ತಾಗುವುದೇ ಇಲ್ಲ. ಅದರಲ್ಲೂ ಹಸಿ ಎಲೆ ಕಿತ್ತು ತಂದು ಹಾಕುವವರಿದ್ದಾರೆ. ಹಸಿ ಎಲೆಯ ತೇವ ಕಾಳಿಗೆ ಹತ್ತಿ ಬೂಸ್ಟು ಬರುತ್ತದೆ. ಹಾಕುವುದಿದ್ದರೆ ನೆರಳಲ್ಲಿ ಒಣಗಿಸಿದ ಎಲೆ ಹಾಕಬೇಕು, ಮೇಲೆ ಮಾತ್ರ ಅಲ್ಲ, ಪದರ ಪದರವಾಗಿ. ಲಕ್ಕಿ ತಪ್ಪಲಿಗೂ ಇದೇ ಮಾತು.

ಬೇವಿನ ಶಕ್ತಿ ಎಲೆಗಿಂತ ಬೀಜದಲ್ಲಿ ಹೆಚ್ಚು. ಹುಳದ ಬೆಳವಣಿಗೆ ಕೆಡಿಸುವ ಅಜಾಡಿರಾಕ್ಟಿನ್ ಎಂಬ ಅಂಶ ಬೀಜದ ತಿರುಳಲ್ಲಿ ಇರುತ್ತದೆ. ಮುಂಗಾರಿನ ಮೊದಲಲ್ಲಿ ನಮ್ಮ ಬೇವಿನ ಗಿಡಗಳ ಕೆಳಗೆ ಹಣ್ಣು ಉದುರಿ ಹಾಸಿಗೆಯಾಗಿ ಬಿದ್ದು ಕೊಳೆಯುತ್ತದೆ, ನಾವು ಮೇಲಿನ ಎಲೆ ಕಿತ್ತುಕೊಂಡು ಹೋಗುತ್ತೇವೆ! ಇದೇ ಬೇವಿನ ಎಣ್ಣೆಯಿಂದ ಬೆಳೆಯ ಬೂಸ್ಟು ರೋಗ ತಡೆಯುವ ವಿಧಾನಕ್ಕೆ ಅಮೆರಿಕದ ಒಂದು ಕಂಪನಿಯೂ ಅಲ್ಲಿನ ಕೃಷಿ ಇಲಾಖೆಯೂ ಸೇರಿ 1994ರಲ್ಲಿ ಯುರೋಪಿನಲ್ಲಿ ಪೇಟೆಂಟ್ ಪಡೆದಿದ್ದವು. ಭಾರತದ ರೈತರಿಗೆ ಇದು ಮೊದಲೇ ಗೊತ್ತಿದ್ದ ಸಂಗತಿ ಎಂದು ಹೋರಾಡಿ 2000ದಲ್ಲಿ ಅದನ್ನು ರದ್ದು ಮಾಡಿಸಿದರು, 2005ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಗೆದ್ದದ್ದೇನೋ ಸರಿ. ಗೆದ್ದ ಬೀಜವನ್ನು ಆರಿಸಿಕೊಳ್ಳುವವರು ಮಾತ್ರ ನಮ್ಮೂರಲ್ಲಿ ಕಡಿಮೆ.

ಇನ್ನು ಬೂದಿ. ಕುಳ್ಳಿನ ಬೂದಿ ಕೆಲಸ ಮಾಡುತ್ತದೆ, ಅನುಮಾನ ಬೇಡ. ಕಾಳು ಕಾಳಿನ ನಡುವಿನ ಸಂದಿ ತುಂಬಿ ದುಂಬಿ ಓಡಾಡದಂತೆ ಮಾಡುತ್ತದೆ, ಅದರ ಮೈಯ ಮೇಲಿನ ಮೇಣದ ಪದರ ಉಜ್ಜಿ ಒಣಗಿಸುತ್ತದೆ. ಆದರೆ ಅದಕ್ಕೆ ಬೂದಿ ಬಹಳ ಬೇಕು. ಕೊಡ ತುಂಬ ಕಾಳಿಗೆ ಅರ್ಧ ಕೊಡದ ಮೇಲೆಯೇ ಬೂದಿ ಬೇಕಾಗುತ್ತದೆ. ಒಂದು ಹಿಡಿ ಉದುರಿಸಿದರೆ ಅದು ಶಾಸ್ತ್ರ, ಮದ್ದಲ್ಲ. ಬಿತ್ತನೆಗೆ ಇಡುವ ಐದು ಹತ್ತು ಕಿಲೋ ಕಾಳಿಗೆ ಬೂದಿ ಸರಿ. ಹತ್ತು ಚೀಲಕ್ಕೆ ಆಗುವ ಮಾತಲ್ಲ. ತೊಗರಿಗೆ ಕೆಮ್ಮಣ್ಣು ಹಚ್ಚಿ ಒಣಗಿಸಿ ಇಡುವ ನಮ್ಮ ಭಾಗದ ರೂಢಿಯೂ ಇದೇ ದಾರಿಯದು, ಅದಕ್ಕೆ ಮಣ್ಣು ಕಡಿಮೆ ಸಾಕು, ಬೇಳೆ ಮಾಡುವಾಗ ತೊಳೆದೂ ಹೋಗುತ್ತದೆ.

ಮನೆಯಲ್ಲಿ ತಿನ್ನಲು ಇಡುವ ಕಾಳಿಗೆ ನಾನು ಮೊದಲು ಹೇಳುವುದು ಎಣ್ಣೆ. ಒಂದು ಕಿಲೋಗೆ 5 ಮಿಲಿ, ಅಂದರೆ ಒಂದು ಸಣ್ಣ ಚಮಚ. ಔಡಲ ಎಣ್ಣೆಯಾದರೆ ಒಳ್ಳೆಯದು, ಶೇಂಗಾ ಎಣ್ಣೆಯೂ ನಡೆಯುತ್ತದೆ. ಒಣಗಿದ ಕಾಳಿಗೆ ಕೈಯಿಂದ ಚೆನ್ನಾಗಿ ಉಜ್ಜಬೇಕು, ಪ್ರತಿ ಕಾಳೂ ಮಿಂಚಬೇಕು. ದುಂಬಿಯ ಮೊಟ್ಟೆ ನುಣುಪು ಕಾಳಿಗೆ ಸರಿಯಾಗಿ ಅಂಟುವುದಿಲ್ಲ, ಅಂಟಿದರೂ ಎಣ್ಣೆ ಮುಚ್ಚಿ ಉಸಿರಾಡದೆ ಸಾಯುತ್ತದೆ. ನಮ್ಮ ಅಜ್ಜಿಯರು ಇದನ್ನು ಮಾಡುತ್ತಿದ್ದರು, ಕೃಷಿ ವಿಜ್ಞಾನಿಗಳೂ ಪರೀಕ್ಷಿಸಿ ಸರಿ ಅಂದಿದ್ದಾರೆ. ಮನೆಮದ್ದು ಅಂದರೆ ಹೀಗಿರಬೇಕು.

ಅದಕ್ಕೂ ಮೊದಲು ಬಿಸಿಲು. ಹೆಸರು, ಉದ್ದಿನ ರಾಶಿ ಮಳೆಯ ನಡುವೆ ಬರುತ್ತದೆ, ಅದೇ ನಮ್ಮ ಕಷ್ಟ. ತೇವದ ಕಾಳನ್ನು ಅವಸರದಲ್ಲಿ ಚೀಲಕ್ಕೆ ತುಂಬಿದರೆ ಯಾವ ಮದ್ದೂ ಉಳಿಸುವುದಿಲ್ಲ. ಹಲ್ಲಿನಿಂದ ಕಡಿದರೆ ಕಟ್ ಅಂತ ಒಡೆಯಬೇಕು, ಮೆತ್ತಗೆ ಚಪ್ಪಟೆಯಾದರೆ ಇನ್ನೂ ಒಣಗಿಲ್ಲ. ಬಿಸಿಲು ಬಂದ ದಿನ ಕರಿ ತಾಡಪತ್ರಿಯ ಮೇಲೆ ತೆಳ್ಳಗೆ ಹರಡಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಕಲ್ಲು ಹೇರಿ ಮಧ್ಯಾಹ್ನ ಪೂರ್ತಿ ಬಿಡಿ. ಒಳಗಿನ ಬಿಸಿ 55 ಡಿಗ್ರಿ ದಾಟಿದರೆ ಕಾಳಿನೊಳಗಿನ ಮರಿಯೂ ಸಾಯುತ್ತದೆ. ಬೇವಿನ ಎಲೆಗೆ ಆಗದ ಕೆಲಸ ಇದು. ಆದರೆ ಮೊದಲು ಬಯಲಲ್ಲಿ ಒಣಗಿಸಿ, ಆಮೇಲೆ ಹಾಳೆ ಹೊದಿಸಬೇಕು. ಹಸಿ ಕಾಳಿಗೆ ಹೊದಿಸಿದರೆ ಬೆವತು ಕೆಡುತ್ತದೆ. ಬಿತ್ತನೆ ಬೀಜಕ್ಕೆ ಇದನ್ನು ಅತಿ ಮಾಡಬೇಡಿ, ಮೊಳಕೆ ಕೆಡುತ್ತದೆ.

ಹಳೆಯ ಗೋಣಿಚೀಲವನ್ನು ಹಾಗೇ ಬಳಸುವುದು ಕಳೆದ ವರ್ಷದ ಹುಳಕ್ಕೆ ಮನೆ ಕೊಟ್ಟಂತೆ. ಕುದಿಯುವ ನೀರಲ್ಲಿ ಅದ್ದಿ, ಬಿಸಿಲಿಗೆ ಒಣಗಿಸಿ ತುಂಬಿ. ಇನ್ನೊಂದು ಸುಲಭದ ದಾರಿಯೂ ಇದೆ. ತಿನ್ನಲು ಇಡುವ ತೊಗರಿಯನ್ನು ಬೇಗ ಬೇಳೆ ಮಾಡಿಸಿಬಿಡುವುದು. ಈ ದುಂಬಿ ಇಡೀ ಕಾಳನ್ನೇ ಬೇಡುತ್ತದೆ, ಒಡೆದ ಬೇಳೆಯಲ್ಲಿ ಅದರ ಆಟ ನಡೆಯುವುದಿಲ್ಲ.

ನಮ್ಮ ಹಿರಿಯರ ಹಗೇವು ನೆನಪಿದೆಯೇ? ನೆಲದಲ್ಲಿ ತೋಡಿದ ಆ ಕುಣಿಯಲ್ಲಿ ಜೋಳ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಇರುತ್ತಿತ್ತು. ಯಾವ ಮದ್ದೂ ಇಲ್ಲ. ಒಳಗಿನ ಗಾಳಿಯನ್ನು ಕಾಳು, ಹುಳ ಎರಡೂ ಸೇರಿ ಉಸಿರಾಡಿ ಮುಗಿಸುತ್ತವೆ, ಆಮೇಲೆ ಹುಳ ಬದುಕಲಾರದು. ಅದಕ್ಕೇ ಹಗೇವು ತೆಗೆದ ಕೂಡಲೇ ಯಾರನ್ನೂ ಒಳಗೆ ಇಳಿಸುತ್ತಿರಲಿಲ್ಲ. ಈಗ ಮೂರು ಪದರದ, ಗಾಳಿಯಾಡದ ಚೀಲಗಳು ಬಂದಿವೆ. ಒಳಗೆ ಎರಡು ದಪ್ಪ ಪ್ಲಾಸ್ಟಿಕ್ ಚೀಲ, ಹೊರಗೆ ನೇಯ್ದ ಚೀಲ. ಆಫ್ರಿಕಾದ ಅಲಸಂದೆ ಬೆಳೆಗಾರರಿಗಾಗಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ರೂಪಿಸಿದ್ದು. ಹುಮನಾಬಾದಿನಿಂದ ಹೈದರಾಬಾದ್ ಹೆದ್ದಾರಿ ಹಿಡಿದು ಹೋದರೆ ಸಿಗುವ ಪಟಾನ್‌ಚೆರುವಿನ ಇಕ್ರಿಸ್ಯಾಟ್ ವಿಜ್ಞಾನಿಗಳೂ ಇದ್ದ ತಂಡ ಇದನ್ನು ತೊಗರಿಗೆ ಪರೀಕ್ಷಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿತು, ತೊಗರಿ ಉಳಿಯಿತು. ಲೆಕ್ಕ ಹಗೇವಿನದೇ. ಚೀಲ ಸಿಗದಿದ್ದರೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮು ಸಾಕು. ಕಂಠದವರೆಗೂ ತುಂಬಬೇಕು, ವಾರಕ್ಕೊಮ್ಮೆ ತೆರೆದು ತೆರೆದು ನೋಡಬಾರದು. ದಿನಬಳಕೆಗೆ ಬೇರೆ ಡಬ್ಬಿ ಇಟ್ಟುಕೊಳ್ಳಿ.

ಸೊಳ್ಳೆಯ ಮಾತಿಗೆ ಬಂದರೆ ನನಗೆ ಸಿಟ್ಟು ಸ್ವಲ್ಪ ಹೆಚ್ಚು. ಸಂಜೆ ಬೇವಿನ ಹೊಗೆ, ಲೋಬಾನ, ಕರ್ಪೂರ ಹಾಕಿ ಡೆಂಗಿಗೆ ಮದ್ದಾಯಿತು ಎಂದು ಕೂರುತ್ತೇವೆ. ಡೆಂಗಿ ಸೊಳ್ಳೆ ಕಚ್ಚುವುದು ಹೆಚ್ಚಾಗಿ ಹಗಲಲ್ಲಿ. ಹುಟ್ಟುವುದು ಗಟಾರದಲ್ಲಿ ಅಲ್ಲ, ನಾವು ಕುಡಿಯಲು ತುಂಬಿಟ್ಟ ಸ್ವಚ್ಛ ನೀರಿನಲ್ಲಿ. ನಳ ಯಾವಾಗ ಬರುತ್ತದೋ ಎಂದು ಪ್ರತಿ ಮನೆಯಲ್ಲೂ ಬ್ಯಾರಲ್ ತುಂಬಿಡುತ್ತೇವಲ್ಲ, ಅದೇ ಅದರ ತೊಟ್ಟಿಲು. ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಬೇಕು. ವಾರಕ್ಕೊಂದು ದಿನ ಬ್ಯಾರಲ್ ಖಾಲಿ ಮಾಡಿ, ಒಳಗೋಡೆ ತಿಕ್ಕಿ, ಒಣಗಿಸಿ, ಬಟ್ಟೆ ಕಟ್ಟಿ ಮುಚ್ಚಿದರೆ ಅಲ್ಲಿಗೆ ಮುಗಿಯಿತು. ಇದಕ್ಕಿಂತ ದೊಡ್ಡ ಮನೆಮದ್ದು ಇಲ್ಲ, ಇದರ ವಿಡಿಯೊ ಮಾತ್ರ ಯಾರೂ ಹಂಚುವುದಿಲ್ಲ. ಇರುವೆ ಬಾರದಿರಲೆಂದು ಕಪಾಟಿನ ಕಾಲಿಗೆ ಇಡುವ ನೀರಿನ ಬಟ್ಟಲಲ್ಲೂ ಈ ಸೊಳ್ಳೆ ಹುಟ್ಟುತ್ತದೆ, ಅದಕ್ಕೆ ನಾಲ್ಕು ಹನಿ ಎಣ್ಣೆ ಹಾಕಿ.

2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಬಿಟ್ಟವರಿಗೆ ದಂಡದ ನಿಯಮ ತಂದಿತು. ಹಳ್ಳಿ ಮನೆಗೂ 200 ರೂಪಾಯಿ ದಂಡ ಇದೆ. ದಂಡ ಹಾಕುವುದಾದರೆ ಹಾಕಲಿ. ನಳದಲ್ಲಿ ದಿನಾ ನೀರು ಬಿಟ್ಟು ಆಮೇಲೆ ಹಾಕಲಿ ಎಂಬುದು ನನ್ನ ವಾದ.

ಹೊಗೆಯ ವಿಷಯ ಇನ್ನೊಂದಿದೆ. ಸೊಳ್ಳೆ ಬತ್ತಿ ಕೆಟ್ಟದ್ದು, ಬೇವಿನ ಹೊಗೆ ಒಳ್ಳೆಯದು ಎಂದು ಹೇಳುವವರಿದ್ದಾರೆ. ಬತ್ತಿ ಕೆಟ್ಟದ್ದೇ. ಒಂದು ಬತ್ತಿ ಪೂರ್ತಿ ಉರಿದರೆ ಹೊರಬರುವ ಸಣ್ಣ ದೂಳಿನ ಪ್ರಮಾಣ 75ರಿಂದ 137 ಸಿಗರೇಟಿಗೆ ಸಮ ಎಂದು 2003ರ ಒಂದು ಅಧ್ಯಯನ ಲೆಕ್ಕ ಹಾಕಿದೆ. ಆದರೆ ಬೇವಿನ ಹೊಗೆಯೂ ಹೊಗೆಯೇ. ದಮ್ಮು ಇರುವ ಅಜ್ಜ, ತೊಟ್ಟಿಲ ಕೂಸು ಇರುವ ಕೋಣೆಯಲ್ಲಿ ಬಾಗಿಲು ಮುಚ್ಚಿ ಹೊಗೆ ಹಾಕಿದರೆ ಸೊಳ್ಳೆಗಿಂತ ಮೊದಲು ಅವರಿಗೇ ತೊಂದರೆ. ಹಾಕುವುದಿದ್ದರೆ ಯಾರೂ ಇಲ್ಲದಾಗ ಹಾಕಿ, ಬಾಗಿಲು ತೆರೆದು ಹೊಗೆ ಹೋದ ಮೇಲೆ ಒಳಗೆ ಹೋಗಿ. ಮೈಗೆ ಹಚ್ಚುವುದಾದರೆ ಕೊಬ್ಬರಿ ಎಣ್ಣೆಗೆ ನೂರಕ್ಕೆ ಎರಡು ಭಾಗ ಬೇವಿನ ಎಣ್ಣೆ ಬೆರೆಸಿ ಹಚ್ಚಿ. ದಿಲ್ಲಿಯ ಮಲೇರಿಯಾ ಸಂಶೋಧನಾ ಕೇಂದ್ರದವರು 1993ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಇದು ಮಲೇರಿಯಾ ಸೊಳ್ಳೆಯನ್ನು ರಾತ್ರಿಯಿಡೀ ದೂರ ಇಟ್ಟಿತ್ತು. ಎಲ್ಲ ಜಾತಿಯ ಸೊಳ್ಳೆಗೂ ಅಷ್ಟೇ ಗುಣ ಕಾಣುತ್ತದೆ ಅನ್ನಲಾಗದು. ಮಲಗುವಾಗ ಸೊಳ್ಳೆ ಪರದೆ ಬೇಕೇ ಬೇಕು.

ನೈಸರ್ಗಿಕ ಅಂದ ಮಾತ್ರಕ್ಕೆ ಸಾಧು ಎಂದೂ ತಿಳಿಯಬೇಡಿ. ಬೇವಿನ ಎಣ್ಣೆಯನ್ನು ಹಸುಗೂಸಿಗೆ ಕುಡಿಸಿ ಫಿಟ್ಸ್ ಬಂದು ಮಕ್ಕಳು ತೀರಿಕೊಂಡ ಪ್ರಕರಣಗಳು ವೈದ್ಯರ ದಾಖಲೆಯಲ್ಲಿವೆ. ಕರ್ಪೂರ ಕಲ್ಲುಸಕ್ಕರೆಯಂತೆ ಕಾಣುತ್ತದೆ, ಒಂದು ತುಂಡು ನುಂಗಿದರೂ ಸಣ್ಣ ಮಗುವಿಗೆ ಫಿಟ್ಸ್ ಬರಬಹುದು. ಮೇಲಿನ ಗೂಡಲ್ಲಿಡಿ.

ಜಿರಲೆಗೆ ಲವಂಗ, ಸೌತೆಕಾಯಿ ಸಿಪ್ಪೆ ಇಟ್ಟರೆ ಅದು ಈ ಮೂಲೆಯಿಂದ ಆ ಮೂಲೆಗೆ ಹೋಗುತ್ತದೆ, ಅಷ್ಟೆ. ನಿಜವಾಗಿ ಕೆಲಸ ಮಾಡುವುದು ಬೋರಿಕ್ ಪುಡಿ. ಗೋಧಿ ಹಿಟ್ಟು, ಸಕ್ಕರೆ, ಬೋರಿಕ್ ಪುಡಿ ಕಲಸಿ ಸಣ್ಣ ಗುಂಡು ಮಾಡಿ, ಒಲೆಯ ಹಿಂದೆ, ಮೋರಿಯ ಸಂದಿಯಲ್ಲಿ, ಮಕ್ಕಳ ಮತ್ತು ಕೋಳಿಗಳ ಕೈಗೆ ಬಾಯಿಗೆ ಸಿಗದಂತೆ ಇಡಬೇಕು. ಒಂದೇ ದಿನಕ್ಕೆ ಫಲ ಕಾಣುವುದಿಲ್ಲ, ವಾರ ಬೇಕು. ಇರುವೆ ಸಾಲಿಗೆ ಸಾಬೂನು ನೀರಿನಿಂದ ಒರೆಸಿ, ಅವು ಬಿಟ್ಟ ವಾಸನೆಯ ದಾರಿ ಅಳಿಸಿಹೋಗುತ್ತದೆ. ಹೊರಸಿನ ತಿಗಣೆಗೆ ಕುದಿಯುವ ನೀರು, ಕಡು ಬಿಸಿಲು. ನೊಣಕ್ಕೆ ಮನೆಯೊಳಗೆ ಮದ್ದಿಲ್ಲ, ತಿಪ್ಪೆ ದೂರ ಹೋಗಬೇಕು.

ಈಗ ಯಾರೂ ಹೇಳದ ಒಂದು ಮಾತು. ಇದನ್ನೆಲ್ಲ ಮಾಡುವವರು ಯಾರು? ಕಾಳು ಹರಡುವುದು, ತೂರುವುದು, ಎಣ್ಣೆ ಉಜ್ಜುವುದು, ಬ್ಯಾರಲ್ ತಿಕ್ಕುವುದು ಎಲ್ಲ ಹೆಣ್ಣುಮಕ್ಕಳ ಪಾಲು. ಈ ಬಗ್ಗೆ ಮಾತಾಡುವಾಗ ಒಬ್ಬ ಹಿರಿಯ ಹೆಣ್ಣುಮಗಳು ನನಗೆ ಅಂದಳು: "ತಮ್ಮಾ, ಗುಳಿಗಿ ಇಟ್ರ ಎರಡು ನಿಮಿಷದ ಕೆಲಸ. ನಿನ್ನ ಬೂದಿ, ಎಣ್ಣಿ ಅಂದ್ರ ನಂದು ಎರಡು ದಿನದ ಕೂಲಿ ಹೋಗ್ತದ." ಆಕೆಗೆ ನಾನು ಉತ್ತರ ಕೊಡಲಿಲ್ಲ, ಯಾಕೆಂದರೆ ಆಕೆ ಹೇಳಿದ್ದು ಸರಿ. ಸೋಯಾ ರಾಶಿಯ ಕಾಲದಲ್ಲಿ ಕೂಲಿ ಬಿಟ್ಟು ಕಾಳು ಉಜ್ಜುತ್ತ ಕೂರು ಎಂದು ಫೋನಿನಲ್ಲಿ ಉಪದೇಶ ಮಾಡುವುದು ಸುಲಭ. "ಅಜ್ಜಿಯ ಕಾಲದ ಪದ್ಧತಿ" ಎಂದು ಹೊಗಳುವ ಗಂಡಸರು ಒಂದು ಚೀಲ ಕಾಳಿಗಾದರೂ ತಾವೇ ಎಣ್ಣೆ ಹಚ್ಚಲಿ.

ಹಾಗಾಗಿ ಇದನ್ನು ಬರೀ ಅಡುಗೆಮನೆಯ ವಿಷಯ ಎಂದು ಬಿಡಬಾರದು. ರೈತ ಸಂಪರ್ಕ ಕೇಂದ್ರದಲ್ಲಿ ಬೀಜ, ಔಷಧ ಸಿಗುವಂತೆ ಗಾಳಿಯಾಡದ ಚೀಲವೂ ಸಹಾಯಧನದಲ್ಲಿ ಸಿಗಬೇಕು. ಚೀಲ ತುಂಬಿ ಬಾಯಿ ಕಟ್ಟಲು ಗುಳಿಗೆಯಷ್ಟೇ ಸಮಯ ಸಾಕು, ಆ ಹೆಣ್ಣುಮಗಳ ಕೂಲಿಯೂ ಉಳಿಯುತ್ತದೆ. ಸಂಜೀವಿನಿ ಸಂಘದವರು ಬೇವಿನ ಬೀಜ ಆರಿಸಿ ಪುಡಿ, ಎಣ್ಣೆ ಮಾಡಿ ಮಾರುವಂತೆ ಪಂಚಾಯಿತಿ ಒಂದು ಗಾಣ ಹಾಕಿಕೊಡಬಹುದು, ಅದೂ ಒಂದು ಕೂಲಿಯಾಗುತ್ತದೆ. ಗುಳಿಗೆಯನ್ನು ಬಿಡಿಯಾಗಿ ಮಾರುವ ಅಂಗಡಿಗಳ ಮೇಲೆ ಕೃಷಿ ಇಲಾಖೆಯ ಪರಿವೀಕ್ಷಕರು ರಾಶಿ ಶುರುವಾಗುವ ಮೊದಲೇ ದಾಳಿ ಮಾಡಬೇಕು. ಸಾವಾದ ಮೇಲೆ ಬಂದು ಪಂಚನಾಮೆ ಬರೆದರೆ ಏನು ಬಂತು?

ಕೊಹಿನೂರ, ಸುತ್ತಲಿನ ಹಳ್ಳಿಗಳವರು ಮುಂದಿನ ಗ್ರಾಮಸಭೆಯಲ್ಲಿ ಈ ಮೂರನ್ನೂ ಬರೆದುಕೊಟ್ಟು ನಡಾವಳಿ ಪುಸ್ತಕದಲ್ಲಿ ದಾಖಲು ಮಾಡಿಸಿ. ಬಾಯಲ್ಲಿ ಹೇಳಿದ್ದು ಬಾಯಲ್ಲೇ ಹೋಗುತ್ತದೆ. ಅಲ್ಲಿಯವರೆಗೆ, ಇವತ್ತು ರಾತ್ರಿ ಮಲಗುವ ಮೊದಲು ಚೀಲಗಳಲ್ಲಿ ಗುಳಿಗೆ ಇದೆಯೇ ಎಂದು ಮನೆಯಲ್ಲಿ ಕೇಳಿ. ಇದೆ ಅಂದರೆ ಹಾಸಿಗೆ ಬೇರೆ ಮನೆಗೆ ಒಯ್ಯಿರಿ, ಆ ಮನೆಯ ಬಾಗಿಲು, ಕಿಟಕಿ ತೆರೆದಿಡಿ. ಬೆಳಗಾದ ಮೇಲೆ ರೈತ ಸಂಪರ್ಕ ಕೇಂದ್ರದವರನ್ನು ಕೇಳಿಯೇ ಚೀಲ ಮುಟ್ಟಿ.